ಬೆನ್ನುಗುಡ್ಡದ ಮೇಲೆ ಅಪ್ಪನ ಸಣ್ಣ ನಡಿಗೆಗಳು

ಕ್ರಿಸ್ತಶಕ ೨೨೧೮, ಹದಿಮೂರನೆಯ ತಿಂಗಳು
ವೇಲ್ಸ್ ನಾಡಿನ ಬೆನ್ನುಗುಡ್ಡದಿಂದ

ಇನ್ನೂರು ವರ್ಷ ಹಿಂದಿನ ಹಿರಿಯರೇ,

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದ ನಂತರ ಪಂಚಾಂಗ ಬದಲಾಗಿ ವರ್ಷಕ್ಕೆ ಒಂದು ತಿಂಗಳು ಹೆಚ್ಚಾಯಿತು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾವು ಕೊಪ್ಪಳದ ಕಡೆಯ ಕುರಿಗಾರರು. ಇಲ್ಲಿನ ಬೆಟ್ಟಗಳಲ್ಲಿ ಕುರಿ ಕಾಯುವವರೇ ಇಲ್ಲವಾದಾಗ ನನ್ನ ಮುತ್ತಜ್ಜನ ಕಾಲದವರನ್ನು ಕರೆಸಿಕೊಂಡರು. ಬಂದವರು ಇಲ್ಲೇ ಉಳಿದೆವು. ಗಾಜಿನ ಮನೆಯಲ್ಲಿ ಜೋಳ ಬೆಳೆಯುತ್ತೇವೆ, ರೊಟ್ಟಿ ತಟ್ಟುತ್ತೇವೆ.

ಬೆಟ್ಟದ ಒಂದು ಮಗ್ಗುಲಿಗೆ ಹಸಿರು ಕಣಿವೆ, ಇನ್ನೊಂದು ಮಗ್ಗುಲಿಗೆ ದೂರದಲ್ಲಿ ಸಮುದ್ರ, ನೆತ್ತಿಯ ಉದ್ದಕ್ಕೂ ಒಂದೇ ಕಾಲುದಾರಿ. ಬೇಸಿಗೆಯ ಕೊನೆಗೆ ನೆಲಕ್ಕಂಟಿದ ಪೊದೆಗಳೆಲ್ಲ ನೇರಳೆ ಹೂ ಬಿಡುತ್ತವೆ. ಇಡೀ ಬೆಟ್ಟ ‘ಮೌನಪಟ್ಟಿ’. ಹಕ್ಕಿಗಳ ಹಿತಕ್ಕಾಗಿ ಇಲ್ಲಿ ವಾಹನ ಬರುವಂತಿಲ್ಲ, ರೇಡಿಯೋ ಅಲೆ ಹೊಮ್ಮಿಸುವ ಯಂತ್ರ ಯಾವುದೂ ಇರುವಂತಿಲ್ಲ. ಹಾಗಾಗಿ ಕಿವಿಮಣಿಯೂ ಇಲ್ಲಿ ಮೂಕ. ಕಿವಿಮಣಿ ಎಂದರೆ ಪರರ ಮಾತನ್ನು ಕಿವಿಯಲ್ಲೇ ನಮ್ಮ ಭಾಷೆಗೆ ತಿರುಗಿಸುವ ಹರಳು. ಕೆಳಗಿನ ಊರುಗಳಲ್ಲಿ ಅದಿಲ್ಲದೆ ಯಾರೂ ಬಾಯಿ ತೆರೆಯುವುದಿಲ್ಲ.

ಇಲ್ಲಿ ವಾಸಿಸಲು ಒಂದು ನಿಯಮವುಂಟು. ಮನೆಯಿಂದ ಕೆಳಗಿನ ಗೇಟಿನವರೆಗೆ ಸ್ವಂತ ಕಾಲ ಮೇಲೆ ಹೋಗಿ ಬರಬೇಕು. ಆಗದವರು ಬೆಟ್ಟ ಇಳಿದು ಊರಿಗೆ ಹೋಗಬೇಕು. ಕಳೆದ ಚಳಿಗಾಲ ನನ್ನ ಅಪ್ಪ ಮಾಳಿಂಗಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಮೂಳೆಯೇನೋ ಕೂಡಿತು. ಆದರೆ ಹಿಂಡಿನ ಹಿಂದೆ ಇಡೀ ಬೆಟ್ಟ ದಾಟುತ್ತಿದ್ದವನು ಕಿಟಕಿಯ ಬಳಿ ಕಂಬಳಿ ಹೊದ್ದು ಕೂತುಬಿಟ್ಟ. ಅವ್ವ ತೀರಿಕೊಂಡಾಗಲೂ ಅವನು ಹಾಗೆ ಕೂತವನಲ್ಲ. ಮೌನಪಟ್ಟಿಯ ಮೇಲ್ವಿಚಾರಕಿ ಬಂದು, ಪೊದೆ ಹೂ ಬಿಡುವ ಹೊತ್ತಿಗೆ ನಡೆದು ತೋರಿಸಬೇಕೆಂದು ಹೇಳಿ ಹೋದಳು. ಬಾಗಿಲವರೆಗಾದರೂ ಬಾ ಎಂದು ನಾನು ಕರೆದರೆ ಅವನದು ಒಂದೇ ಉತ್ತರ: “ಹತ್ತ ಹೆಜ್ಜಿ ನಡದ್ರ ಅದನ್ನೂ ನಡಗಿ ಅಂತಾರೇನ? ನನ್ನ ಹಿಂಗ ಬಿಡವಾ.”

ಪಕ್ಕದ ಮನೆಯ ಎಲುನೆಡ್ ಅಪ್ಪನ ಓರಗೆಯವಳು, ಇದೇ ನೆಲದವಳು, ಗಂಡ ಹೋಗಿ ಬಹಳ ಕಾಲವಾಗಿದೆ. ಒಂದು ಬೆಳಿಗ್ಗೆ ಬಂದವಳೇ ಮೂಲೆಯಲ್ಲಿದ್ದ ಅಪ್ಪನ ಕೋಲು ಎತ್ತಿಕೊಂಡು ಹೊರಟಳು. ಕುರಿಗಾರನ ಕೋಲು ಬೇರೆಯವರ ಕೈಗೆ ಹೋಗುವುದುಂಟೇ? ಅಪ್ಪ ಬೈಯುತ್ತ, ಗೋಡೆ ಹಿಡಿದುಕೊಂಡು ಹಿಂದೆ ಹೋದ. ಅಂಗಳದ ಅಂಚಿನಲ್ಲಿ ಕೋಲು ಕೊಟ್ಟು, ಏನೂ ಆಗದವಳಂತೆ ಅವಳು ಮನೆಗೆ ಹೋದಳು. ಮರುದಿನ ಕೋಲು ಇನ್ನೂ ಸ್ವಲ್ಪ ಆಚೆಗೆ ಹೋಯಿತು. ಆಮೇಲೆ ಮುಳ್ಳುಪೊದೆಯವರೆಗೆ, ತೊರೆಯವರೆಗೆ, ಸಮುದ್ರ ಕಾಣುವ ತಿರುವಿನವರೆಗೆ. ಕೆಲವು ವಾರಗಳಲ್ಲಿ ಅವಳು ಬರುವ ಮೊದಲೇ ಅಪ್ಪ ಕೋಲು ಹಿಡಿದು ಹೊಸ್ತಿಲಲ್ಲಿ ನಿಂತಿರುತ್ತಿದ್ದ.

ಕಿವಿಮಣಿಯಿಲ್ಲದೆ ಇಬ್ಬರೂ ಮೊದಮೊದಲು ಬೆರಳಲ್ಲೇ ಮಾತಾಡಿದರು. ಒಂದು ದಿನ ಅವಳು ಬೆಟ್ಟ ತೋರಿಸಿ “ಕೆವೆನ್” ಎಂದು, ಆಮೇಲೆ ತನ್ನ ಬೆನ್ನು ತಟ್ಟಿಕೊಂಡು ಮತ್ತೆ “ಕೆವೆನ್” ಎಂದಳಂತೆ. ವೆಲ್ಷ್ ಭಾಷೆಯಲ್ಲಿ ಎರಡಕ್ಕೂ ಅದೊಂದೇ ಪದ. ಅಪ್ಪ ಮನೆಗೆ ಬಂದವನು ಕಂಬಳಿ ಕೊಡವಿ ಮಡಚಿಟ್ಟು, “ಬೆಟ್ಟಕ್ಕೂ ಬೆನ್ನ ಐತಂತ ನೋಡವಾ” ಎಂದು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಬೆನ್ನುಗುಡ್ಡ ಎಂಬ ಹೆಸರು ನಮ್ಮ ಮನೆಯಲ್ಲಿ ಹುಟ್ಟಿದ್ದೂ ಅಂದೇ.

ಪೊದೆಗಳು ಹೂ ಬಿಟ್ಟವು, ಮೇಲ್ವಿಚಾರಕಿ ಬಂದಳು. ಅಪ್ಪ ನಿಧಾನವಾಗಿ ಗೇಟಿನವರೆಗೆ ಹೋಗಿ, ಅದರ ಮೇಲೆ ಒರಗಿ ದಣಿವಾರಿಸಿಕೊಂಡು, ಏರು ಹತ್ತಿ ಮರಳಿ ಬಂದ. ನಾನು ಸಂಭ್ರಮದಿಂದ ಹೋಳಿಗೆ ಮಾಡಿದೆ. ತಟ್ಟೆಯ ಮುಂದೆ ಕೂತು ಅವನು ಹೇಳಿದ: “ಹೊನ್ನವ್ವಾ, ನಾ ಕೆಳಗ ಇಳೀತೀನಿ.”

“ಅಪ್ಪಾ, ಇಷ್ಟೆಲ್ಲ ನಡದದ್ದು ಇಲ್ಲೇ ಇರಾಕ ಅಲ್ಲೇನು?”

“ಎಲುನೆಡ್ ಮೊಣಕಾಲ ಹೋಗ್ಯಾವ. ಗೇಟಿನ ತನಕ ಹೋಗಿ ಬರಾಕ ಆಕಿಗಿ ಆಗಂಗಿಲ್ಲ. ಆಕಿ ಯಾರಿಗೂ ಹೇಳಿಲ್ಲ ನೋಡು. ಆಕೀನ ಒಬ್ಬಾಕೀನ ಹೆಂಗ ಕಳಸ್ಲಿ?”

“ಮತ್ತ ನಾನು?”

“ನಿನಗ ಕುರಿ ಅದಾವ, ಕಾಲ ಅದಾವ. ನನ್ನ ಯಾರೂ ಇಳಸಾಕತ್ತಿಲ್ಲ, ನಾನ ಇಳಿಯಾಕತ್ತೀನಿ. ಅದಕ್ಕೂ ಇದಕ್ಕೂ ಭಾಳ ಫರಕ್ ಐತಿ.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಎಲುನೆಡ್ ಅಪ್ಪನಿಂದ ಕಲಿತ ಕನ್ನಡದಲ್ಲಿ ಹೇಳಿದಳು: “ನಾ ಬ್ಯಾಡ ಅಂದ್ನಿ. ನಿಮ್ಮಪ್ಪ ಕೇಳವಲ್ಲ. ಭಾಳ ಹಟಮಾರಿ.” ಅದು ಪಕ್ಕಾ ಕೊಪ್ಪಳದ ರಾಗ. ಅಳುತ್ತಲೇ ನಗು ಬಂತು. ಅವಳಿಗೂ ಒಂದು ತಟ್ಟೆ ಹಾಕಿದೆ.

ಕೆಳಗಿನ ಊರಿನಲ್ಲಿ ಅವರ ಮದುವೆಯಾಯಿತು. ಇಬ್ಬರ ಹಣೆಗೂ ಅರಿಶಿನದ ಭಂಡಾರ ಹಚ್ಚಿದವಳು ನಾನೇ. ಬಿಸಿಲಿದ್ದ ದಿನ ವಾಹನ ಅವರನ್ನು ಗೇಟಿನ ಆಚೆ ಇಳಿಸುತ್ತದೆ. ಅಲ್ಲಿಂದ ಒಂದಿಷ್ಟು ಹತ್ತಿ, ಕಾಡುಹಣ್ಣು ಬಿಡಿಸಿ ತಿಂದು, ನೀಲಿ ಬಾಯಿ ಮಾಡಿಕೊಂಡು ಇಳಿಯುತ್ತಾರೆ. ನಾನು ಮೇಲಿನಿಂದ ಹಿಂಡು ಬಿಟ್ಟು ಬಂದು ಅವರ ಜೊತೆ ಕೂರುತ್ತೇನೆ. ಮನೆ ಖಾಲಿ ಅನಿಸುವುದು ಸುಳ್ಳಲ್ಲ. ಆದರೆ ಅಪ್ಪ ಕಿಟಕಿಯ ಬಳಿ ಕೂತಿದ್ದಾಗಲೇ ಅದು ಹೆಚ್ಚು ಖಾಲಿಯಾಗಿತ್ತು.

ಹಿರಿಯರೇ, ನನ್ನದೊಂದು ಕೋರಿಕೆ. ಈ ಬೆಟ್ಟದ ಕಾಲುದಾರಿಯನ್ನು ಯಾರೂ ಕಟ್ಟಿದ್ದಲ್ಲ. ನಡೆಯುವವರಿದ್ದರೆ ಮಾತ್ರ ಅದು ಇರುತ್ತದೆ. ನೀವು ನಡೆಯುವುದನ್ನು ಬಿಟ್ಟರೆ ಪೊದೆ ಮುಚ್ಚಿಕೊಳ್ಳುತ್ತದೆ, ನಮ್ಮ ಕಾಲಕ್ಕೆ ದಾರಿಯೇ ಉಳಿಯುವುದಿಲ್ಲ. ಈ ಕಡೆ ಬಂದರೆ ಸ್ವಲ್ಪ ನಡೆದು ಹೋಗಿ. ತುದಿ ಮುಟ್ಟಲೇಬೇಕೆಂದಿಲ್ಲ.

ನಿಮ್ಮವಳೇ ಆದ
ಹೊನ್ನವ್ವ