ಅತ್ತೆಯ ಎರಡು ಹನಿ

ಫೆ. 24, ಸೋಮವಾರ
ಏಳರ ಬಸ್ಸಿಗೆ ರಾಯಬಾಗದಿಂದ ಅತ್ತೆಯ ಹಾಲಿನ ಕ್ಯಾನು ಬಂತು. ಲ್ಯಾಬಿಗೆ ಒಂದು ಲೋಟ, ಉಳಿದದ್ದು ಚಹಾಕ್ಕೆ. ಕೆಲಸ ಅದೇ — ಹಾಲಿನಲ್ಲಿ ಯಾವ ಪ್ರೋಟೀನಿನ ಪಕ್ಕ ಯಾವುದು ಇರುತ್ತದೆ? ಕೆಮಿಕಲ್ ಹಾಕಿದರೆ ಪಕ್ಕದವು ಅಂಟಿಕೊಳ್ಳುತ್ತವೆ. ಜರಡಿಯಂಥ ಜೆಲ್ಲಿನಲ್ಲಿ ಹರಿಸಿದರೆ ಜೋಡಿಗಳು ಮೇಲೆ ಉಳಿಯುತ್ತವೆ, ಒಂಟಿಗಳು ಕೆಳಗಿಳಿಯುತ್ತವೆ. ಮಾರ್ಚ್ ಏಳಕ್ಕೆ ಗೈಡ್ ಸರ್‌ಗೆ ಫಲಿತಾಂಶ ತೋರಿಸಲೇಬೇಕು. ಇಲ್ಲದಿದ್ದರೆ ಪಿಎಚ್‌ಡಿ ಇನ್ನೊಂದು ವರ್ಷ ಹಿಂದಕ್ಕೆ.

ಫೆ. 28, ಶುಕ್ರವಾರ
ಕೆಮಿಕಲ್ ಹಾಕದ ಹಾಲಿನಲ್ಲೂ ಜೋಡಿಗಳು! ಮೂರನೇ ಸಲ. ನಾನು ಮದುವೆ ಮಾಡಿಸುವ ಮೊದಲೇ ಓಡಿಹೋದವೇ? ಟ್ಯೂಬು ಬದಲಿಸಿದೆ, ಪಿಪೆಟ್ಟಿಗೆ ಬೈದೆ. ಕೊನೆಗೆ ಹಾಲನ್ನೇ ಪರೀಕ್ಷಿಸಿದೆ. ಫಾರ್ಮಲಿನ್. ಬಾಟಲಿಯ ಕಪ್ಪೆ ಕೆಡದಂತೆ ಇಡುವ ಅದೇ ಫಾರ್ಮಲಿನ್. ಅದೂ ಪ್ರೋಟೀನು ಅಂಟಿಸುತ್ತದೆ. ತಿಂಗಳಿಂದ ಅದರದೇ ಚಹಾ ಕುಡಿದಿದ್ದೇವೆ...
ಗಂಡನಿಗೆ ಹೇಳಿದೆ.
"ನಮ್ಮವ್ವನ ಹಾಲಿನ್ಯಾಗ? ನೀನ ಕೇಳ ಹೋಗು. ನಾ ಅಂತೂ ಕೇಳಾಂವಲ್ಲ" ಎಂದು ಟಿವಿಯ ದನಿ ಏರಿಸಿದರು. ಹೇಡಿ.

ಮಾ. 2, ಭಾನುವಾರ
ಊರಿಗೆ ಹೋಗಿ ಕೇಳಿಯೇ ಬಿಟ್ಟೆ.
"ಅತ್ತೀ, ಹಾಲಿಗೆ ಏನರ ಹಾಕ್ತೀರೇನ್ರಿ?"
"ಹೂಂ. ಬಸ್ಸಿನ್ಯಾಗ ಹಾಲ ಒಡದೈತಿ, ನನ್ನ ಓದ ಹಾಳಾತಂತ ನೀನ ಅತ್ತಿದ್ದೆಲ್ಲ? ಹಾಲ ಒಯ್ಯಾಂವ ಭೀಮಸಿ ಔಷಧಿ ಕೊಟ್ಟಾನ. ಖಾಸ ನಿನ್ನ ಕ್ಯಾನಿಗಷ್ಟ ಎರಡ ಹನಿ!"
ಅದು ವಿಷ ಅಂದುಬಿಟ್ಟೆ. ಅತ್ತೆ ಮುಖ ತಿರುಗಿಸಿದರು. ಊಟಕ್ಕೂ ಕರೆಯಲಿಲ್ಲ. ಆ ಎರಡು ಹನಿ ನನಗಾಗಿಯೇ ಹಾಕಿದ್ದರು, ಪಾಪ.

ಮಾ. 5, ಬುಧವಾರ
ಕ್ಯಾನು ಇಲ್ಲ. ಫೋನೂ ಎತ್ತುತ್ತಿಲ್ಲ. ಪ್ಯಾಕೆಟ್ ಹಾಲು ಮೊದಲೇ ಕಾಯಿಸಿದ್ದು, ಪ್ರಯೋಗಕ್ಕೆ ನಡೆಯದು. ಇನ್ನೆರಡೇ ದಿನ.

ಮಾ. 6, ಗುರುವಾರ, ಬೆಳಿಗ್ಗೆ 8
ಕಾಲೇಜಿನ ಗೇಟಿಗೆ ಟೆಂಪೋ. ಅದರಿಂದ ಎಮ್ಮೆ ಇಳಿಯಿತು. ಹಿಂದೆಯೇ ಅತ್ತೆ, ಕೈಯಲ್ಲಿ ಚರಗಿ.
"ಮುಂದ ನಿಂತ ನೋಡು, ನೀಲಮ. ಹಾಲ ಬಿಟ್ಟ ಮತ್ತೇನರ ಬೀಳತೈತೇನ?"
ಚಿಕ್ಕೋಡಿಯ ಅರ್ಧ ಕಾಲೇಜು ನೋಡುತ್ತಿರುವಾಗ ಹಿಂಡಿದರು. ನಗುವೂ ಬಂತು, ಅಳುವೂ ಬಂತು. ಎಮ್ಮೆ ಊರಿಗೆ ಮರಳಿತು. ಅತ್ತೆ ಮರಳಲಿಲ್ಲ. "ಏನ ಬರತೈತಿ, ನೋಡೇ ಹೋಗಾಕಿ."

ಸಂಜೆ 6.30, ಲ್ಯಾಬ್
ಬಂತು! ಕೆಮಿಕಲ್ ಹಾಕಿದ್ದರಲ್ಲಿ ಜೋಡಿ, ಹಾಕದ್ದರಲ್ಲಿ ಒಂಟಿ. ಹಳೆಯ ಜೆಲ್ಲನ್ನೂ ಪಕ್ಕದಲ್ಲಿಟ್ಟು ಅತ್ತೆಗೆ ತಿಳಿಸಿ ಹೇಳಿದೆ. ಬಹಳ ಹೊತ್ತು ನೋಡಿದರು.
"ಅಂದ್ರ ನನ್ನ ಔಷಧಿನೂ ಕೂಡಿಸೈತಿ. ನೀ ಐದ ವರ್ಷದಿಂದ ಮಾಡಾಕತ್ತಿದ್ದನ್ನ ನಾ ಎರಡ ಹನಿಯಾಗ ಮಾಡೇನಿ."
ಬಾಗಿಲಲ್ಲಿ ಗೈಡ್ ಸರ್. ಯಾವಾಗ ಬಂದರೋ! ಅತ್ತೆಗೆ ಕುರ್ಚಿ ಹಾಕಿದರು, ನೋಟ್‌ಬುಕ್ ತೆರೆದರು.
"ಎಷ್ಟ ಹಾಲಿಗೆ ಎರಡ ಹನಿರೀ, ಅವ್ವಾರ?"
"ಮೊದಲ ಹೆಸರ ಬರಕೋರಿ. ಸತ್ತೆವ್ವ."
ಬರೆದುಕೊಂಡರು. ನನ್ನ ಹೆಸರಿಗಿಂತ ಮೇಲೆ! ಭಾನುವಾರದಿಂದ ಮೊದಲ ಸಲ ಅತ್ತೆ ನಕ್ಕರು. ಇರಲಿ ಬಿಡು ಅನಿಸಿತು. ಆದರೂ ನಾಳೆ ಸರ್‌ಗೆ ಹೇಳಿ ಅವರ ಹೆಸರನ್ನು ಒಂದು ಸಾಲು ಕೆಳ— ಅತ್ತೆ ಇತ್ತಲೇ ಬರುತ್ತಿದ್ದಾರೆ