ಕೇಳದೆ ಎಸೆಯಬಾರದ ನಲವತ್ತೊಂದು ಪೆಟ್ಟಿಗೆಗಳು

ಹಳೇ ಹುಬ್ಬಳ್ಳಿ
ಫೆಬ್ರುವರಿ ೩೦, ೨೧೮೭

ಅತ್ತೆಯವರಾದ ಕಸ್ತೂರೆವ್ವನವರಿಗೆ ಸೊಸೆ ಮುಕ್ತಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದಾರು ದಿನಗಳನ್ನು ವರ್ಷದ ಕೊನೆಗೆ ಬಿಡಿದಿನ ಎಂದು ಇಟ್ಟುಕೊಂಡಿದ್ದೇವೆ. ನಾನು ನಿಮ್ಮ ಸೊಸೆ ಹೌದು, ಆದರೆ ನಿಮಗೂ ನನಗೂ ನಡುವೆ ಇನ್ನೂ ನಾಲ್ಕು ಜನ ಸೊಸೆಯಂದಿರು ಬಂದು ಹೋಗಿದ್ದಾರೆ. ನೀವು ಈ ಕಾಗದ ಓದುವಾಗ ಅವರಲ್ಲಿ ಮೊದಲನೆಯವಳು ನಿಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರಬಹುದು. ಇದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ, ಸತ್ತವರಿಗೆ ಅವರು ಬದುಕಿದ್ದ ಕಾಲಕ್ಕೇ ಬರೆಯುವ ಓಲೆ. ಅಂಚೆಯವರು ತೆಗೆದುಕೊಳ್ಳುತ್ತಾರೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಈವರೆಗೆ ಯಾರಿಗೂ ಬಂದಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿಮ್ಮ ನಲವತ್ತೊಂದು ಪೆಟ್ಟಿಗೆಗಳು ಇನ್ನೂ ನಮ್ಮ ಮನೆಯಲ್ಲಿವೆ.

ಹೌದು, ಅವೇ. ಒಂದೊಂದರ ಮೇಲೂ ನೀವು ದಪ್ಪ ಅಕ್ಷರದಲ್ಲಿ "ನನ್ನ ಕೇಳದ ಒಗೀಬ್ಯಾಡ್ರಿ – ಕಸ್ತೂರಿ" ಎಂದು ಬರೆದಿದ್ದೀರಲ್ಲ, ಅವು. ಮನೆತನದಲ್ಲಿ ಉಳಿದುಬಂದ ಮಾತಿನ ಪ್ರಕಾರ, ಮನೆಗೆ ಬಣ್ಣ ಹಚ್ಚಿಸುವಾಗ ನೀವು ಎಂಟು ದಿನ ತಂಗಿಯ ಊರಿಗೆ ಹೋಗಿದ್ದಿರಂತೆ. ಬಣ್ಣದವರು ಸಾಮಾನು ಹೊರಗೆ ಹಾಕಿಬಿಟ್ಟಾರೆಂದು ಹೋಗುವ ಮುನ್ನ ಹಾಗೆ ಬರೆದಿಟ್ಟಿರಂತೆ. ಬರೆದದ್ದು ಎಂಟು ದಿನಕ್ಕೆ, ಉಳಿದದ್ದು ನೂರ ಅರವತ್ತು ವರ್ಷ. ಊರಿಂದ ಬಂದ ಮೇಲೆ ಒಂದು ಗೀಟು ಎಳೆದು ಹೊಡೆದುಹಾಕಲು ನಿಮಗೇನು ಕೈ ನೋಯುತ್ತಿತ್ತೇ?

ನೀವು ತೀರಿಕೊಂಡ ಮೇಲೆ ಕೇಳಲು ಯಾರೂ ಇರಲಿಲ್ಲ. ಕೇಳದೆ ಎಸೆಯುವ ಧೈರ್ಯ ನಿಮ್ಮ ಸೊಸೆಗೂ ಇರಲಿಲ್ಲ. ಬರಬರುತ್ತ ಮಸಿ ಮಾಸಿತು. ಆಕೆ ಮಾಡಿದ್ದೇನು ಗೊತ್ತೇ? ಖಂಡೇನವಮಿಯ ದಿನ ಪೆಟ್ಟಿಗೆಗಳ ಧೂಳು ಒರೆಸಿ, ಅರಿಸಿನ ಕುಂಕುಮ ಇಟ್ಟು, ಆ ಅಕ್ಷರಗಳ ಮೇಲೆಯೇ ಹೊಸ ಮಸಿಯಿಂದ ತಿದ್ದಿದಳು. ಅದೇ ಪದ್ಧತಿಯಾಯಿತು. ರಟ್ಟು ಹರಿದರೆ ಹೊಸ ಪೆಟ್ಟಿಗೆಗೆ ಸುರಿದು ಅದರ ಮೇಲೂ ಅದನ್ನೇ ಬರೆದರು. ಒಳಗೇನಿದೆ ಎಂದು ಒಬ್ಬರೂ ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮನೆತನ ನಮ್ಮದು. ನಾನೂ ಮೂವತ್ತನಾಲ್ಕು ವರ್ಷ ತಿದ್ದಿದ್ದೇನೆ. ನನ್ನ ಸ್ವಂತ ಅತ್ತೆ ಸಾಯುವಾಗ ಕೈ ಹಿಡಿದು ಬಂಗಾರದ ಮಾತಾಡಲಿಲ್ಲ, ಮಗನ ಮಾತಾಡಲಿಲ್ಲ, "ಕಸ್ತೂರೆವ್ವನ ಪೆಟಗಿ ಕೇಳದ ಒಗೀಬ್ಯಾಡ" ಎಂದು ಆಣೆ ಹಾಕಿಸಿಕೊಂಡರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಐದು ಸೊಸೆಯಂದಿರಿಗೂ ಆ ಕಾಲ ಬರಲೇ ಇಲ್ಲ.

ನಮ್ಮ ಕಾಲದ ಮನೆಗಳು ಸಣ್ಣವು ಎಂಬುದನ್ನು ನೀವು ತಿಳಿಯಬೇಕು. ನಮಗಿರುವುದು ಎರಡು ಕೋಣೆ, ಒಂದು ಅಡುಗೆಮನೆ. ಯಾರೂ ಸಾಮಾನು ಇಟ್ಟುಕೊಳ್ಳುವುದಿಲ್ಲ. ಬಟ್ಟಲು ಬೇಕೆಂದರೆ ಅಚ್ಚುಪೆಟ್ಟಿಗೆ ಎಂಬ ಯಂತ್ರ ಆಗಲೇ ಮಾಡಿಕೊಡುತ್ತದೆ, ಉಂಡಾದ ಮೇಲೆ ಕರಗಿಸಿಕೊಳ್ಳುತ್ತದೆ. ಹಳತಾದದ್ದು ಓಣಿಯ ತುದಿಯ ಕರಗುಮನೆಗೆ ಹೋಗುತ್ತದೆ. ನಮ್ಮ ನೆರೆಹೊರೆಯವರ ಮನೆಗಳಲ್ಲಿ ಕೂಗಿದರೆ ದನಿ ತಿರುಗಿ ಬರುತ್ತದೆ. ನಮ್ಮ ಹಿಂದಿನ ಕೋಣೆಯ ಬಾಗಿಲು ಮಾತ್ರ ಒಂದು ಗೇಣು ತೆರೆದು ನಿಂತುಬಿಡುತ್ತದೆ.

ಈಗ ನನ್ನ ಮಗಳು ಇಬ್ಬನಿಗೆ ಎಂಟು ತಿಂಗಳು. ಚೊಚ್ಚಲು. ತವರಲ್ಲೇ ಹೆರಬೇಕೆಂಬ ಆಸೆ ಅವಳಿಗೆ, ಅದಕ್ಕಿಂತ ಹೆಚ್ಚು ನನಗೆ. ಓಣಿಯ ಸೂಲಗಿತ್ತಿ ದ್ಯಾಮವ್ವ ಬಾಣಂತಿ ಕೋಣೆಯನ್ನು ನೋಡಿ ಒಪ್ಪಬೇಕು, ಅದು ನಮ್ಮಲ್ಲಿ ಕಾಯಿದೆ. ಆಕೆ ಬಂದಳು, ಬಾಗಿಲ ಸಂದಿಯಲ್ಲಿ ಒಂದು ಭುಜ ತೂರಿಸಿದಳು, ಮತ್ತೆ ಹೊರಗೆ ತೆಗೆದಳು. "ಗಾಳಿಗೇ ಜಾಗಾ ಇಲ್ಲಬೇ ಇಲ್ಲೆ, ಕೂಸು ಎಲ್ಲಿ ಮಲಗ್ತದ? ಮುಂದಿನ ಸ್ವಾಮಾರದೊಳಗ ಬಾಗಲಾ ಪೂರಾ ತೆರದು ಗ್ವಾಡಿಗೆ ಬಡೀಬೇಕು. ಇಲ್ಲಾಂದ್ರ ಆಕಿ ಗಂಡನ ಊರಾಗ ಹಡೀಲಿ" ಎಂದು ಹೇಳಿ ಹೋದಳು. ಸೋಮವಾರಕ್ಕೆ ಆಗ ಉಳಿದದ್ದು ಒಂಬತ್ತು ದಿನ.

ನಾನು ಬಾಗಿಲವರೆಗೆ ಹೋದೆ, ಒಳಗೆ ನೋಡಿದೆ, ಬಾಗಿಲು ಮುಚ್ಚಿದೆ. ಹೀಗೆ ನಾಲ್ಕು ಸಲ. ಐದನೆಯ ಸಲ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಎಲ್ಲಿಂದ ಶುರು ಮಾಡಲಿ ತಾಯಿ, ಸೂರಿನವರೆಗೂ ಪೇರಿಸಿದ್ದಾರೆ. ಆಗಲೇ ಇಬ್ಬನಿ ಗಂಡನ ಊರಿಂದ ಕರೆ ಮಾಡಿದಳು. ವಿಷಯ ಅವಳಿಗೆ ಮುಟ್ಟಿತ್ತು. "ಅವ್ವಾ, ನನಕಿಂತಾ ಆ ಡಬ್ಬಿಗೋಳು ಹೆಚ್ಚೇನು ನಿನಗ?" ಎಂದು ಕೇಳಿದಳು. ಆಣೆಯ ಮಾತು ಎತ್ತಲು ನಾಚಿಕೆಯಾಯಿತು.

ದಾರಿ ತೋರಿಸಿದವಳು ದ್ಯಾಮವ್ವನೇ. "ಎಲ್ಲಾನೂ ನೋಡಾಕ ಹೋಗಬ್ಯಾಡ. ಬಾಗಲಾ ಸಂದ್ಯಾಗಿಂದ ಚಾಲೂ ಮಾಡು, ಒಂದು ಪೆಟಗಿ ಮುಗಿಯೂತನಕಾ ಎರಡನೇದರ ಕಡೆ ಕತ್ತು ಹೊಳ್ಳಸಬ್ಯಾಡ" ಎಂದಳು. ಹಾಗೆಯೇ ಮಾಡಿದೆ. ಒಂದು ಪೆಟ್ಟಿಗೆ ಅಂಗಳಕ್ಕೆ ತರುವುದು, ಬಿಚ್ಚುವುದು, ಬರುವ ಯುಗಾದಿಯೊಳಗೆ ಯಾರ ಕೈಗೆ ಬೇಕಾದೀತು ಎಂದು ಕೇಳುವುದು, ಆಮೇಲೆ ಒಂದು ಲೋಟ ಚಹ.

ಮೊದಲನೆಯ ಪೆಟ್ಟಿಗೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೂ ನೂರ ಹದಿನೆಂಟು ಚೀಲಗಳು. ಎರಡನೆಯದರಲ್ಲಿ ಮುಚ್ಚಳಗಳು, ಡಬ್ಬಿಗಳಿಲ್ಲ. ಏಳನೆಯದರಲ್ಲಿ ಡಬ್ಬಿಗಳು ಸಿಕ್ಕವು. ಖುಷಿಯಿಂದ ಮುಚ್ಚಳ ಹೊಂದಿಸಿ ನೋಡಿದೆ, ಒಂದೂ ಕೂಡಲಿಲ್ಲ. ಮಿಕ್ಸಿ ಇಲ್ಲ, ಮಿಕ್ಸಿಯ ಖಾಲಿ ರಟ್ಟಿನ ಡಬ್ಬಿ ಇದೆ, ಅದರೊಳಗೆ ಥರ್ಮಾಕೋಲನ್ನು ಮಗುವಿನಂತೆ ಮಲಗಿಸಿದ್ದೀರಿ. ಯಾರ ಯಾರದೋ ಮದುವೆಯ ಕರೆಯೋಲೆಗಳು, ನಡೆಯದ ಗಡಿಯಾರಗಳು, ಬಾಯಿ ಮುರಿದ ಚಾರ್ಜರ್‌ಗಳು. ಅತ್ತೆಯವರೇ, ಇದರಲ್ಲಿ ಯಾವುದನ್ನು ಒಗೆಯಲು ನಿಮ್ಮನ್ನು ಕೇಳಬೇಕಿತ್ತು?

ಇನ್ನು ನಮ್ಮ ಮನೆಯವರು, ಮಹಾಂತಪ್ಪನವರು. ನೆಟ್ಟಗೆ ನಿಮ್ಮದೇ ರಕ್ತ. ನಾನು ಒಂದು ಬುಟ್ಟಿ ಕರಗುಮನೆಗೆಂದು ಅಂಗಳದಲ್ಲಿ ತೆಗೆದಿಟ್ಟರೆ ಅವರು ಹಿಂದಿನಿಂದ ಬಂದು ಎರಡು ಸಾಮಾನು ವಾಪಸು ಒಳಗೆ ಒಯ್ಯುತ್ತಿದ್ದರು. "ಇರ್ಲಿ ಬಿಡು, ಬೇಕಾಗ್ತಾವ" ಎಂಬುದೊಂದೇ ಮಾತು. ನಿಮ್ಮ ಆಲ್ಬಮ್ ಸಿಕ್ಕ ದಿನ ಮಧ್ಯಾಹ್ನ ಕೂತವರು ದೀಪ ಹಚ್ಚುವವರೆಗೂ ಏಳಲಿಲ್ಲ. ಕೊನೆಗೆ ಒಂದು ಪೆಟ್ಟಿಗೆ ಅವರ ಮುಂದಿಟ್ಟು, ಇದರಲ್ಲಿ ಹಿಡಿಸುವಷ್ಟು ನಿಮ್ಮದು, ಮಿಕ್ಕದ್ದು ನನ್ನದು ಎಂದೆ. ಅದರಲ್ಲಿ ಆಲ್ಬಮ್ ಇಟ್ಟರು, ಮೂರು ಮುಚ್ಚಳ ಇಟ್ಟರು. ಮುಚ್ಚಳ ಏಕೆಂದು ನಾನು ಕೇಳಲಿಲ್ಲ.

ಇಪ್ಪತ್ತಮೂರನೆಯ ಪೆಟ್ಟಿಗೆ ಬಿಚ್ಚಿದಾಗ ನಿಜಕ್ಕೂ ನನ್ನ ಕೈ ನಿಂತಿತು. ಏಳು ಹತ್ತಿ ಸೀರೆಗಳು, ಉಟ್ಟು ಉಟ್ಟು ಮೆತ್ತಗಾದವು. ನಡುವೆ ನಿಮ್ಮ ಕೈಯ ಚೀಟಿ: "ಮೊಮ್ಮಗಳ ಬಾಣಂತನಕ್ಕ, ಕೌದಿಗೆ. ಮರೀಬಾರದು." ಮರೆತರು, ಅತ್ತೆಯವರೇ. ಒಳಗೆ ನೀವು ಕೊಡಬೇಕೆಂದು ಬರೆದಿರಿ, ಮೇಲೆ ಮುಟ್ಟಬೇಡಿ ಎಂದು ಬರೆದಿರಿ. ಮನೆಯವರು ಮೇಲಿನದನ್ನಷ್ಟೇ ಓದಿದರು. ನಿಮ್ಮ ಮೊಮ್ಮಗಳು ಈ ಕೋಣೆಯ ಪಕ್ಕದಲ್ಲೇ ಹಡೆದಳು, ಕೂಸನ್ನು ಅಂಗಡಿಯ ಹೊದಿಕೆಯಲ್ಲಿ ಸುತ್ತಿದಳು. ಅವಳ ನಂತರ ಈ ಮನೆಯ ಹೆಣ್ಣುಮಕ್ಕಳೆಲ್ಲ ಹಾಗೆಯೇ ಮಾಡಿದರು. ಇಬ್ಬನಿ ಹುಟ್ಟಿದಾಗ ನಾನೂ. ಏಳರಲ್ಲಿ ಐದು ಸೀರೆ ಮಡಿಕೆ ಬಿಚ್ಚುತ್ತಿದ್ದಂತೆ ಸೀಳಿದವು. ಎಷ್ಟು ಸಿಟ್ಟು ಬಂತೆಂದರೆ ಸೀರೆಯನ್ನು ಎದೆಗೊತ್ತಿಕೊಂಡೇ ನಿಮ್ಮನ್ನು ಬಾಯಿ ತುಂಬ ಬೈದೆ. ಬೈದು ಮುಗಿಸಿ ಉಳಿದ ಎರಡನ್ನು ಬಿಸಿಲಿಗೆ ಹಾಕಿದೆ.

ಆದ್ದರಿಂದ ಕೊಟ್ಟ ಮಾತಿನಂತೆ ಕೇಳುತ್ತಿದ್ದೇನೆ: ಉಳಿದದ್ದನ್ನೆಲ್ಲ ಒಗೆಯಲೇ? ಸೋಮವಾರ ಬೆಳಗಿನವರೆಗೆ ಕಾಯುತ್ತೇನೆ. ಉತ್ತರ ಬರದಿದ್ದರೆ ಮೌನಂ ಸಮ್ಮತಿ ಲಕ್ಷಣಂ.

ನನ್ನದೊಂದು ಬೇಡಿಕೆಯೂ ಇದೆ. ನಿಮ್ಮ ಮೊಮ್ಮಗಳು ಈಗ ನಿಮ್ಮ ಕಣ್ಣೆದುರಿಗೇ ಇದ್ದಾಳೆ, ಬಹುಶಃ ಲಂಗ ಸಿಕ್ಕಿಸಿಕೊಂಡು ಅಂಗಳದಲ್ಲಿ ಆಡುತ್ತಿದ್ದಾಳೆ. ಆ ಸೀರೆಗಳನ್ನು ಹೊರಗೆ ತೆಗೆದು ಕೌದಿ ಹೊಲಿಯಿರಿ. ಬಾಣಂತನ ಬರುವವರೆಗೆ ಕಾಯಬೇಡಿ, ಈಗಲೇ ಹೊದಿಸಿ. ಮುಚ್ಚಳಗಳನ್ನೂ ಇವತ್ತೇ ಒಗೆಯಿರಿ. ಡಬ್ಬಿಗಳು ಕೂಡುವುದಿಲ್ಲ, ನಾನು ನೋಡಿದ್ದೇನೆ.

ಇಂತಿ ನಿಮ್ಮ ಐದನೆಯ ಸೊಸೆ,
ಮುಕ್ತಾ

ತಾ.ಕ.: ಓಲೆ ಮಡಿಸುವ ಮುಂಚೆ ಇದಿಷ್ಟು. ಇಬ್ಬನಿ ಹೇಳದೆ ಕೇಳದೆ ಶನಿವಾರವೇ ಬಂದಿಳಿದಳು, ಕಾಲು ಬಾತು ಕೊಬ್ಬರಿ ಬಟ್ಟಲಂತಾಗಿವೆ. ನಿಮ್ಮ ಉತ್ತರಕ್ಕೆ ಕಾಯಲಿಲ್ಲ, ಉಳಿದದ್ದನ್ನೆಲ್ಲ ಒಗೆದೆ. ಬಾಗಿಲು ಗೋಡೆಗೆ ಬಡಿಯಿತು, ದ್ಯಾಮವ್ವ ಓಣಿಯಿಂದಲೇ ಕೇಳಿಸಿಕೊಂಡಳಂತೆ. ಇಬ್ಬನಿ ಒಳಗೆ ಬಂದು ನೆಲದ ಮೇಲೆ ಕೂತು ಎರಡೂ ಕಾಲು ಉದ್ದಕ್ಕೆ ಚಾಚಿದಳು. ನಿಮ್ಮ ಸೀರೆಯ ಅಂಚು ಅವಳ ಮಡಿಲಲ್ಲಿದೆ, ಸೂಜಿ ಅವಳ ಕೈಯಲ್ಲಿದೆ.