ಆರು ಗಂಟೆಗೆ ಎದ್ದವರು

ಅಪ್ಪಾ,

ನೀನು ತಲೆಯಿಟ್ಟು ಮಲಗಿ ಮತ್ತೆ ಏಳದ ಮೇಜಿನ ಮುಂದೆಯೇ ಈಗ ನಾನು ಕೂತು ಚಿತ್ರ ಬರೆಯುತ್ತೇನೆ. ನಮ್ಮ ಸ್ಟುಡಿಯೊದ ಕಾರ್ಟೂನ್ ಸಿನಿಮಾ ಬಂದರೆ ಟೋಕಿಯೊದ ಜನ ಇವತ್ತಿಗೂ ಸಾಲುಗಟ್ಟಿ ನಿಲ್ಲುತ್ತಾರೆ. ಸಂಬಳ ಮಾತ್ರ ನಿನ್ನ ಕಾಲದ್ದೇ.

ಇವತ್ತು ಸಂಜೆ ಆರಕ್ಕೆ, ಕೆಲಸದ ಹೊತ್ತು ಮುಗಿದೊಡನೆ, ಹೊಸದಾಗಿ ಸೇರಿದ ನಗಿಸಾ ಚೀಲ ಹಿಡಿದು ಎದ್ದಳು. ಮೇಲಧಿಕಾರಿ ಕೂತಿರುವಾಗ ಇಲ್ಲಿ ಯಾರೂ ಏಳುವುದಿಲ್ಲವಲ್ಲ, ಎಲ್ಲರ ಪೆನ್ಸಿಲುಗಳೂ ನಿಂತವು.

"ಏನಮ್ಮಾ, ಇಷ್ಟು ಬೇಗ?" ಎಂದ ನಮ್ಮ ಮುಖ್ಯಸ್ಥ ಇಸೊಬೆ. "ಈ ಕುರ್ಚಿಗೆ ಹೊರಗೆ ನೂರು ಜನ ಕಾಯ್ತಿದಾರೆ, ಗೊತ್ತಲ್ಲ?"

"ಮನೇಲಿ ಮಗು ಕಾಯ್ತಿದೆ ಸರ್." ನಗಿಸಾ ಚೀಲವನ್ನು ಹೆಗಲಿಗೇರಿಸಿದಳು.

ನಾನೂ ಎದ್ದೆ. "ಆ ನೂರು ಜನಾನೂ ಕರೀರಿ ಸರ್. ಸಂಬಳ ಎಷ್ಟು ಅಂತ ಮೊದಲೇ ಹೇಳ್ಬಿಡಿ, ಎಷ್ಟು ಜನ ಉಳೀತಾರೋ ನೋಡೋಣ."

ಆಮೇಲೆ ಪದ್ಧತಿಯಂತೆ ತಲೆಬಾಗಿ, "ನಿಮಗಿಂತ ಮುಂಚೆ ಹೊರಡ್ತಿದೀನಿ, ಕ್ಷಮಿಸಿ" ಎಂದೆ. ಹಿಂದೆ ಒಂದು ಕುರ್ಚಿ ಸರಿಯಿತು, ಮತ್ತೊಂದು ಸರಿಯಿತು. ಉಳಿದ ಹನ್ನೊಂದು ಜನವೂ ತಲೆಬಾಗಿ ಅದೇ ಮಾತು ಹೇಳಿದರು! ಹೆಮ್ಮೆಗೆ ನನ್ನ ಎದೆಯುಬ್ಬಿತು ಅಪ್ಪಾ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮ ನಿನಗೆಂದು ಮುಚ್ಚಿಡುತ್ತಿದ್ದ ಅನ್ನ ನೀನು ಬರುವಷ್ಟರಲ್ಲಿ ದಿನಾ ತಣ್ಣಗಾಗುತ್ತಿತ್ತು. ಇವತ್ತು ನಿನ್ನ ಫೋಟೊದ ಮುಂದಿಟ್ಟ ಅನ್ನದ ಬಟ್ಟಲು ಇನ್ನೂ ಹಬೆಯಾಡುತ್ತಿದೆ.